ಕಪಾಟಿನಿಂದ ಕೈಗೆ: ಕನ್ನಡ ಶಾಲೆಯ ಗ್ರಂಥಾಲಯವನ್ನು ಸುಧಾರಿಸುವ ಬಗೆ

ಕಲಿಕೆಯ ಉದ್ದೇಶಗಳು

ಈ ಪಾಠವನ್ನು ಅಭ್ಯಸಿಸಿದ ಬಳಿಕ ಶಿಕ್ಷಕರು

• ಕಾಲೇಜು, ವಿಶ್ವವಿದ್ಯಾನಿಲಯಗಳ ಗ್ರಂಥಪಾಲಕರು ತಮ್ಮ ಸೇವೆ, ಸಂಗ್ರಹ, ಬೋಧನೆಗಳನ್ನು ಸುಧಾರಿಸಿಕೊಳ್ಳುವ ಕ್ರಮವನ್ನು ಅರಿಯುವರು.
• ಎರವಲು ವಹಿಯನ್ನು ಪರಿಶೀಲಿಸಿ, ಅದರ ಆಧಾರದಿಂದ ನಿರ್ಣಯ ಕೈಗೊಳ್ಳುವರು.
• ತಮಿಳು ಲಿಪಿಯನ್ನು ಮೊದಲು ಕಲಿತ ಮಗುವಿಗೆ ಹೊಂದುವಂತೆ ಕನ್ನಡ ಪುಸ್ತಕಗಳನ್ನು ಮಟ್ಟವಾರು ವಿಂಗಡಿಸುವರು.
• ಸಾರ್ವಜನಿಕ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳಿಗಾಗಿ ಬೇಡಿಕೆ ಸಲ್ಲಿಸುವ ಕ್ರಮವನ್ನು ತಿಳಿಯುವರು.

1. ಪೀಠಿಕೆ

ಕರ್ನಾಟಕದಲ್ಲಿ ಬೆಳೆಯುವ ಮಗುವಿಗೆ ಕನ್ನಡದ ಅಕ್ಷರಗಳು ಬೀದಿಯಲ್ಲೇ ದೊರೆಯುತ್ತವೆ. ಅಂಗಡಿಯ ನಾಮಫಲಕ, ಬಸ್ಸಿನ ಮುಂಭಾಗದ ಊರ ಹೆಸರು, ದಿನಪತ್ರಿಕೆ, ಮದುವೆಯ ಕರೆಯೋಲೆ ಎಲ್ಲವೂ ಅದಕ್ಕೆ ಓದಿನ ಅಭ್ಯಾಸವನ್ನು ಒದಗಿಸುತ್ತವೆ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡವಾಡುವ ಮಗುವಿಗೆ ಈ ಅನುಕೂಲವಿಲ್ಲ. ಕನ್ನಡ ಅದರ ಕಿವಿಗೆ ಬೀಳುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಕಲಿಯುವ ಅವಕಾಶ ದೊರೆತ ಮಗುವಿಗೂ ಬಹುಮಟ್ಟಿಗೆ ಪಠ್ಯಪುಸ್ತಕವೊಂದೇ ಕನ್ನಡದ ಅಚ್ಚಿನ ಲೋಕ. ಪರೀಕ್ಷೆ ಮುಗಿದೊಡನೆ ಆ ಪುಸ್ತಕ ಮುಚ್ಚುತ್ತದೆ. ಓದುವ ಬೇರೆ ಪುಸ್ತಕವಿಲ್ಲದಿದ್ದರೆ ಕಲಿತ ಲಿಪಿಯೂ ಕೆಲವೇ ವರ್ಷಗಳಲ್ಲಿ ಮಸುಕಾಗುತ್ತದೆ.

ಆದ್ದರಿಂದ ನಮ್ಮ ಶಾಲೆಗಳಲ್ಲಿ ಗ್ರಂಥಾಲಯವು ಪಠ್ಯಕ್ಕೆ ಸೇರಿಸಿದ ಅಲಂಕಾರವಲ್ಲ. ಅದು ಕನ್ನಡದ ಓದನ್ನು ಪರೀಕ್ಷೆಯಿಂದಾಚೆಗೆ ಉಳಿಸಬಲ್ಲ ಸಾಧನ. ಬಹುತೇಕ ಶಾಲೆಗಳಲ್ಲಿ ಪ್ರತ್ಯೇಕ ಗ್ರಂಥಪಾಲಕರಿರುವುದಿಲ್ಲ. ಒಂದು ಕಪಾಟು ಮತ್ತು ಅದರ ಕೀಲಿ ಶಿಕ್ಷಕರೊಬ್ಬರ ವಶದಲ್ಲಿರುತ್ತವೆ. ಆ ಶಿಕ್ಷಕರು ವೃತ್ತಿನಿರತ ಗ್ರಂಥಪಾಲಕರಿಂದ ಏನನ್ನು ಕಲಿಯಬಹುದು ಎಂಬುದೇ ಈ ಪಾಠದ ವಿಷಯ.

2. ಗ್ರಂಥಪಾಲಕರ ಕಾರ್ಯಕ್ರಮ

ಭಾರತದ ಗ್ರಂಥಾಲಯ ವಿಜ್ಞಾನದ ಜನಕರೆಂದು ಗೌರವಿಸಲ್ಪಡುವ ಎಸ್. ಆರ್. ರಂಗನಾಥನ್ (1892–1972) ಅಂದಿನ ತಂಜಾವೂರು ಜಿಲ್ಲೆಯ ಶೀರ್ಕಾಳಿಯವರು. ಅವರು ಮೊದಲು ಗಣಿತದ ಅಧ್ಯಾಪಕರಾಗಿದ್ದರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕಗೊಂಡು, ಲಂಡನ್ನಿನಲ್ಲಿ ತರಬೇತಿ ಪಡೆದು ಹಿಂದಿರುಗಿದರು. ಓದುಗರು ತಾವೇ ಕಪಾಟಿನ ಬಳಿಗೆ ಹೋಗಿ ಪುಸ್ತಕವನ್ನು ಕೈಗೆತ್ತಿಕೊಳ್ಳುವ ತೆರೆದ ಕಪಾಟಿನ ಪದ್ಧತಿಯನ್ನು ಜಾರಿಗೆ ತಂದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಪ್ರಕಟಿಸಿದರು. ಅವರ ಕೊನೆಯ ವರ್ಷಗಳು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ದಸ್ತಾವೇಜು ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದವರೂ ಅವರೇ.

ಆ ಐದು ಸೂತ್ರಗಳ ಭಾವ ಹೀಗಿದೆ: ಪುಸ್ತಕವಿರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ತಕ್ಕ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗ ದೊರೆಯಬೇಕು, ಓದುಗನ ಸಮಯ ಉಳಿಯಬೇಕು, ಗ್ರಂಥಾಲಯವು ಬೆಳೆಯುತ್ತಿರುವ ಜೀವಿ. ಈ ಐದರಲ್ಲಿ ಒಂದಾದರೂ ಪುಸ್ತಕಗಳ ಸಂಖ್ಯೆಯನ್ನು ಕುರಿತು ಮಾತನಾಡುವುದಿಲ್ಲ ಎಂಬುದನ್ನು ಗಮನಿಸಬೇಕು. ಎಲ್ಲವೂ ಪುಸ್ತಕ ಮತ್ತು ಓದುಗರ ಸಂಬಂಧವನ್ನೇ ಕುರಿತಿವೆ.

ಕಾಲೇಜು ಗ್ರಂಥಪಾಲಕರ ದೈನಂದಿನ ಸುಧಾರಣೆಯೂ ಇದೇ ಹಾದಿಯಲ್ಲಿ ಸಾಗುತ್ತದೆ. ಅವರು ಯಾವ ಪುಸ್ತಕ ಹೊರಗೆ ಹೋಯಿತು, ಯಾವುದು ಹೋಗಲಿಲ್ಲ ಎಂದು ದಾಖಲೆ ನೋಡುತ್ತಾರೆ, ಓದುಗರನ್ನು ಕೇಳುತ್ತಾರೆ, ಅಧ್ಯಾಪಕರೊಡನೆ ಕುಳಿತು ಮುಂದಿನ ಪಾಠಗಳಿಗೆ ಬೇಕಾದುದನ್ನು ಗೊತ್ತುಪಡಿಸುತ್ತಾರೆ, ಒಂದು ಸಣ್ಣ ಬದಲಾವಣೆ ಮಾಡಿ ಅದರ ಫಲವನ್ನು ಮತ್ತೆ ದಾಖಲೆಯಲ್ಲಿ ಪರೀಕ್ಷಿಸುತ್ತಾರೆ, ಕಂಡುಕೊಂಡದ್ದನ್ನು ಇತರ ಗ್ರಂಥಪಾಲಕರಿಗೆ ತಿಳಿಸುತ್ತಾರೆ. ನೋಡು, ಕೇಳು, ಬದಲಿಸು, ಮತ್ತೆ ನೋಡು ಎಂಬ ಈ ಚಕ್ರಕ್ಕೆ ದೊಡ್ಡ ಕಟ್ಟಡವಾಗಲಿ ಗಣಕಯಂತ್ರವಾಗಲಿ ಅನಿವಾರ್ಯವಲ್ಲ. ಗೆರೆ ಹಾಕಿದ ಒಂದು ನೋಟುಪುಸ್ತಕ ಸಾಕು.

3. ನಮ್ಮ ಓದುಗರು ಯಾರು?

ಸುಧಾರಣೆಯ ಮೊದಲ ಹೆಜ್ಜೆ ಓದುಗರನ್ನು ಅರಿಯುವುದು. 1799ರವರೆಗೆ ಕೊಯಮತ್ತೂರು ಸೀಮೆ ಮೈಸೂರಿನ ಆಡಳಿತದಲ್ಲಿತ್ತು. ಕನ್ನಡ ಪ್ರದೇಶವಾದ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಗಡಿಗಳು ಬದಲಾದರೂ ಮನೆಮಾತು ಉಳಿದಿದೆ. ನೇಕಾರಿಕೆಯ ಊರುಗಳ ದೇವಾಂಗ ಕುಟುಂಬಗಳಲ್ಲಿ, ಒಕ್ಕಲಿಗ ಕುಟುಂಬಗಳಲ್ಲಿ ಇಂದಿಗೂ ಕನ್ನಡವಾಡುವವರಿದ್ದಾರೆ. ನೆರೆಯ ಈರೋಡು ಜಿಲ್ಲೆಯ ತಾಳವಾಡಿ ಭಾಗದಲ್ಲಿಯೂ ಕೃಷ್ಣಗಿರಿ ಜಿಲ್ಲೆಯ ಹೊಸೂರು ಭಾಗದಲ್ಲಿಯೂ ಕನ್ನಡ ಮಾಧ್ಯಮದ ಶಾಲೆಗಳಿವೆ.

ಈ ಓದುಗರಲ್ಲಿ ಮೂರು ಬಗೆಯವರನ್ನು ಕಾಣಬಹುದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿಯೂ ಕನ್ನಡ ಇರುವವರು ಮೊದಲನೆಯವರು. ಮನೆಯಲ್ಲಿ ಕನ್ನಡವಾಡಿದರೂ ಓದುಬರಹವೆಲ್ಲ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ನಡೆಯುವವರು ಎರಡನೆಯವರು. ಕರ್ನಾಟಕದಿಂದ ಉದ್ಯೋಗಕ್ಕೆಂದು ಬಂದ ಕುಟುಂಬಗಳ ಮಕ್ಕಳು ಮೂರನೆಯವರು. ಇವರೆಲ್ಲರ ಅಗತ್ಯವೂ ಒಂದೇ ಅಲ್ಲ. ಎರಡನೆಯ ಬಗೆಯ ಮಗು ಕತೆಯನ್ನು ಕೇಳಿ ಪೂರ್ತಿ ಗ್ರಹಿಸುತ್ತದೆ, ಆದರೆ ಓದಲು ತಡವರಿಸುತ್ತದೆ. ಮೂರನೆಯ ಬಗೆಯ ಮಗುವಿನ ಮನೆಯಲ್ಲಿ ಕನ್ನಡ ಓದಬಲ್ಲ ಹಿರಿಯರಿರುವ ಸಂಭವ ಹೆಚ್ಚು. ಒಂದೇ ಪುಸ್ತಕವನ್ನು ಇಬ್ಬರಿಗೂ ಒಂದೇ ರೀತಿ ಕೊಡುವುದು ಎರಡನೆಯ ಸೂತ್ರಕ್ಕೆ ವಿರುದ್ಧವಾಗುತ್ತದೆ.

2006ರ ತಮಿಳುನಾಡು ತಮಿಳು ಕಲಿಕೆ ಅಧಿನಿಯಮದ ಮೇರೆಗೆ ಶಾಲೆಗಳಲ್ಲಿ ತಮಿಳು ಕಡ್ಡಾಯ ವಿಷಯವಾಗಿದೆ. ಮಕ್ಕಳು ರಾಜ್ಯದ ಭಾಷೆಯನ್ನು ಚೆನ್ನಾಗಿ ಕಲಿಯಬೇಕಾದುದು ಅವರ ಬಾಳಿಗೆ ಅವಶ್ಯಕ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಈ ಎರಡನ್ನೂ ಹೊಂದಿಸಿಕೊಂಡು ಹೋಗುವಾಗ ಕನ್ನಡಕ್ಕೆ ದೊರೆಯುವ ಅವಧಿಗಳು ಮಿತವಾಗುತ್ತವೆ. ಆ ಕೊರತೆಯನ್ನು ಸ್ವಂತ ಓದು ಮಾತ್ರ ತುಂಬಬಲ್ಲದು.

4. ಸೇವೆ: ಎರವಲು ವಹಿಯನ್ನು ಓದುವುದು

ಎರವಲು ವಹಿಯನ್ನು ನಾವು ಸಾಮಾನ್ಯವಾಗಿ ಪುಸ್ತಕ ಕಳೆಯದಿರಲೆಂದು ಇಡುತ್ತೇವೆ. ಗ್ರಂಥಪಾಲಕರಿಗೆ ಅದು ಓದುಗರ ಮನಸ್ಸನ್ನು ತಿಳಿಸುವ ಸಾಧನ. ವಿವರಣೆಗಾಗಿ ಒಂದು ಶಾಲೆಯನ್ನು ಊಹಿಸಿಕೊಳ್ಳೋಣ. ಅಲ್ಲಿ 24 ಮಕ್ಕಳು, ಕಪಾಟಿನಲ್ಲಿ 60 ಕನ್ನಡ ಪುಸ್ತಕಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಟ್ಟು 90 ಬಾರಿ ಎರವಲು ನಡೆದಿದೆ. ಮೇಲ್ನೋಟಕ್ಕೆ ತೃಪ್ತಿಕರ. ಆದರೆ ವಹಿಯನ್ನು ಬಿಡಿಸಿ ನೋಡಿದಾಗ 90ರಲ್ಲಿ 54 ಎರವಲುಗಳು ಕೇವಲ ಐದು ಪುಸ್ತಕಗಳವು. ಒಮ್ಮೆಯಾದರೂ ಹೊರಗೆ ಹೋದ ಪುಸ್ತಕಗಳು 22. ಉಳಿದ 38 ಪುಸ್ತಕಗಳನ್ನು ಯಾರೂ ಮುಟ್ಟಿಲ್ಲ.

ಆ 38ನ್ನು ಮೇಜಿನ ಮೇಲೆ ಹರಡಿ ಒಂದೊಂದನ್ನೂ ಕೈಗೆತ್ತಿಕೊಂಡಾಗ ಕಾರಣಗಳು ಬೇರೆಬೇರೆಯಾಗಿ ಕಾಣುತ್ತವೆ. 12 ಪುಸ್ತಕಗಳು ದಾನವಾಗಿ ಬಂದ ಪ್ರೌಢ ಗ್ರಂಥಗಳು. ಅವು ಮಕ್ಕಳಿಗೆ ಹೊಂದುವುದಿಲ್ಲ. 9 ಪುಸ್ತಕಗಳ ಹೊಲಿಗೆ ಬಿಟ್ಟಿದೆ ಅಥವಾ ಅಚ್ಚು ತೀರ ಸಣ್ಣದು. ಉಳಿದ 17 ಒಳ್ಳೆಯ ಮಕ್ಕಳ ಪುಸ್ತಕಗಳೇ, ಆದರೆ ಕೆಳಗಿನ ಅರೆಯಲ್ಲಿ ಬೆನ್ನು ಮಾತ್ರ ಕಾಣುವಂತೆ ಬಿಗಿಯಾಗಿ ಜೋಡಿಸಲ್ಪಟ್ಟಿವೆ. ಕನ್ನಡವನ್ನು ತಡವರಿಸಿ ಓದುವ ಮಗು ಬೆನ್ನಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಆರಿಸಿಕೊಳ್ಳಲಾರದು.

ಈಗ ಪರಿಹಾರಗಳೂ ಬೇರೆಬೇರೆಯಾಗುತ್ತವೆ. ಪ್ರೌಢ ಗ್ರಂಥಗಳನ್ನು ಪೋಷಕರಿಗಾಗಿ ಪ್ರತ್ಯೇಕ ಅರೆಯಲ್ಲಿಡಬಹುದು. ಹರಿದವನ್ನು ಹೊಲಿಸಬೇಕು, ಇಲ್ಲವೇ ನಿಯಮಾನುಸಾರ ದಾಖಲೆಯಿಂದ ತೆಗೆಯಬೇಕು. ಒಳ್ಳೆಯ 17 ಪುಸ್ತಕಗಳ ಮುಖಪುಟ ಕಾಣುವಂತೆ ಒಂದು ಹಗ್ಗಕ್ಕೆ ತೂಗುಹಾಕಿದರೂ ಸಾಕು. ಹೊಸ ಪುಸ್ತಕ ಕೊಳ್ಳಲು ಹಣವಿಲ್ಲವೆಂದು ಕೊರಗುತ್ತಿದ್ದ ಶಾಲೆಗೆ ಹಣವಿಲ್ಲದೆಯೇ 17 ಪುಸ್ತಕಗಳು ದೊರೆತಂತಾಯಿತು. ಒಂದು ತಿಂಗಳ ಬಳಿಕ ಅವುಗಳಲ್ಲಿ ಎಷ್ಟು ಹೊರಗೆ ಹೋದವೆಂದು ವಹಿಯಲ್ಲಿ ಮತ್ತೆ ನೋಡಬೇಕು. ಹೀಗೆ ಮರಳಿ ನೋಡದಿದ್ದರೆ ಬದಲಾವಣೆ ಸುಧಾರಣೆಯಾಯಿತೇ ಎಂಬುದು ತಿಳಿಯದು.

ವಹಿಯು ಏನು ನಡೆಯಿತೆಂದು ಹೇಳುತ್ತದೆ, ಏಕೆ ನಡೆಯಿತೆಂದು ಹೇಳುವುದಿಲ್ಲ. ಅದಕ್ಕಾಗಿ ಮಕ್ಕಳನ್ನೇ ಕೇಳಬೇಕು. ಪುಸ್ತಕ ಹಿಂದಿರುಗಿಸುವಾಗ ಮೂರು ಪ್ರಶ್ನೆಗಳು ಸಾಕು: ಎಲ್ಲಿಯವರೆಗೆ ಓದಿದೆ? ಎಲ್ಲಿ ಕಷ್ಟವಾಯಿತು? ಇದರ ಹಾಗೆಯೇ ಇನ್ನೊಂದು ಬೇಕೇ, ಬೇರೆ ಬಗೆಯದು ಬೇಕೇ? ಅರ್ಧಕ್ಕೆ ನಿಲ್ಲಿಸಿದ ಮಗುವನ್ನು ಗದರಿದರೆ ಮುಂದಿನ ಬಾರಿ ಅದು ನಿಜ ಹೇಳದು, ನಮ್ಮ ದಾಖಲೆಯೂ ಸುಳ್ಳಾಗುತ್ತದೆ.

5. ಸಂಗ್ರಹ: ಆಯ್ಕೆ ಮತ್ತು ಮಟ್ಟ

ತಮಿಳಿನಲ್ಲಿ ಮೊದಲು ಓದು ಕಲಿತ ಮಗುವಿಗೆ ಕನ್ನಡ ಲಿಪಿಯಲ್ಲಿ ಎದುರಾಗುವ ತೊಡಕುಗಳನ್ನು ಅರಿಯದೆ ಪುಸ್ತಕವನ್ನು ಆರಿಸಲಾಗದು. ಅವು ಮುಖ್ಯವಾಗಿ ಮೂರು.

(ಅ) ತಮಿಳಿನಲ್ಲಿ ಸ್ವರವಿಲ್ಲದ ವ್ಯಂಜನದ ಮೇಲೆ ಚುಕ್ಕೆಯಿಟ್ಟು ಅಕ್ಷರಗಳನ್ನು ಸಾಲಾಗಿ ಬರೆಯುತ್ತಾರೆ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ. ‘ಅಮ್ಮ’ ಎಂಬ ಪದವನ್ನು ಬಾಯಲ್ಲಿ ನೂರು ಸಲ ಆಡಿದ ಮಗುವೂ ಬರಹದಲ್ಲಿ ಅದನ್ನು ಗುರುತಿಸಲು ತಡೆಯುತ್ತದೆ.

(ಆ) ತಮಿಳಿನಲ್ಲಿ ಕಕಾರ, ಗಕಾರಗಳಿಗೆ ಒಂದೇ ಅಕ್ಷರ; ತಕಾರ, ದಕಾರಗಳಿಗೂ ಹಾಗೆಯೇ. ಮಹಾಪ್ರಾಣಗಳಿಗೆ ಪ್ರತ್ಯೇಕ ಅಕ್ಷರವಿಲ್ಲ. ‘ಗಾಂಧಿ’ ಎಂಬ ಹೆಸರಿನ ತಮಿಳು ಬರವಣಿಗೆಯನ್ನು ಅಕ್ಷರಕ್ಕೆ ಅಕ್ಷರ ಕನ್ನಡಕ್ಕಿಳಿಸಿದರೆ ‘ಕಾಂತಿ’ ಎಂದಾಗುತ್ತದೆ. ಮಗುವಿನ ಇಂಥ ಬರಹವನ್ನು ಅಜಾಗರೂಕತೆಯೆಂದು ತಿಳಿಯಬಾರದು. ಅದು ಒಂದು ಲಿಪಿಯ ನಿಯಮವನ್ನು ಮತ್ತೊಂದಕ್ಕೆ ಅನ್ವಯಿಸಿದುದರ ಫಲ.

(ಇ) ‘ಸೂರ್ಯ’, ‘ಧರ್ಮ’ ಮೊದಲಾದ ಪದಗಳಲ್ಲಿ ಅರ್ಕಾವತ್ತನ್ನು ಬರೆಯುವುದು ನಂತರ, ಉಚ್ಚರಿಸುವುದು ಮೊದಲು.

ಈ ಕ್ರಮವನ್ನೇ ಆಧಾರವಾಗಿಟ್ಟು ಪುಸ್ತಕಗಳ ಬೆನ್ನಿಗೆ ಬಣ್ಣದ ಕಾಗದ ಅಂಟಿಸಬಹುದು. ‘ಬೆಕ್ಕು’, ‘ಅಣ್ಣ’ ಎಂಬಂಥ ಸಜಾತೀಯ ಒತ್ತಕ್ಷರಗಳೇ ಹೆಚ್ಚಾಗಿರುವ, ಪುಟಕ್ಕೆರಡು ವಾಕ್ಯಗಳ ಚಿತ್ರಪುಸ್ತಕಗಳಿಗೆ ಹಸಿರು. ‘ಪುಸ್ತಕ’, ‘ಚಂದ್ರ’ ಎಂಬಂಥ ವಿಜಾತೀಯ ಸಂಯುಕ್ತಾಕ್ಷರಗಳು ಬರುವವಕ್ಕೆ ಹಳದಿ. ಅರ್ಕಾವತ್ತು, ಮಹಾಪ್ರಾಣ, ದೀರ್ಘ ವಾಕ್ಯಗಳು ಯಥೇಚ್ಛವಾಗಿ ಬರುವವಕ್ಕೆ ನೀಲಿ. ಬಣ್ಣವು ಪುಸ್ತಕದ ಮಟ್ಟವನ್ನು ಸೂಚಿಸಬೇಕೇ ಹೊರತು ಮಗುವಿನ ಮಟ್ಟವನ್ನಲ್ಲ. ಹಸಿರು ಓದುವ ಮಗು ನೀಲಿಯನ್ನು ಕೇಳಿದರೆ ಕೊಡಬೇಕು.

ಆಯ್ಕೆಯಲ್ಲಿ ಮೂರು ಆಕರಗಳು ನಮಗೆ ಅನುಕೂಲಕರ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಒಂದೇ ಕತೆ ಹಲವು ಭಾರತೀಯ ಭಾಷೆಗಳಲ್ಲಿ ಪ್ರಕಟವಾಗಿದೆ. ಕನ್ನಡ, ತಮಿಳು ಪ್ರತಿಗಳೆರಡೂ ದೊರೆಯುವಲ್ಲಿ ಅವನ್ನು ಜೊತೆಯಾಗಿ ಇಟ್ಟರೆ ಮಗು ಬಲ್ಲ ಲಿಪಿಯಿಂದ ಬಲ್ಲದ ಲಿಪಿಗೆ ದಾಟಬಲ್ಲದು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಕತೆಗಳು ಮಟ್ಟವಾರಾಗಿ ದೊರೆಯುತ್ತವೆ, ಮುದ್ರಿಸಿ ಹಂಚಬಹುದು. ಮೇಲಿನ ತರಗತಿಗಳಿಗೆ ಶಿವರಾಮ ಕಾರಂತರ ‘ಬಾಲಪ್ರಪಂಚ’, ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ ಸಂಪುಟಗಳು ಪರಾಮರ್ಶನಕ್ಕೆ ಒದಗುತ್ತವೆ. ವಿಜ್ಞಾನದ ಹಳೆಯ ಅಂಕಿಅಂಶಗಳನ್ನು ಮಾತ್ರ ಇಂದಿನ ಪಠ್ಯದೊಡನೆ ಹೋಲಿಸಿ ನೋಡುವುದು ಅವಶ್ಯಕ.

ಇವಲ್ಲದೆ ಕೊಳ್ಳಲಾಗದ ಒಂದು ಸಂಗ್ರಹವಿದೆ. ಅದು ಮಕ್ಕಳ ಮನೆಯಲ್ಲಿದೆ. ನೇಕಾರರ ಮನೆಯ ಮಗುವಿಗೆ ಮಗ್ಗ, ಲಾಳಿ, ಹಾಸು, ಹೊಕ್ಕು ಮುಂತಾದ ಮಾತುಗಳು ಪರಿಚಿತವಾಗಿರಬಹುದು. ಅಥವಾ ಅದೇ ವಸ್ತುಗಳಿಗೆ ಆ ಮನೆಯಲ್ಲಿ ಬೇರೆ ಹೆಸರುಗಳಿರಬಹುದು. ಅಜ್ಜಿ ಹೇಳಿದ ಹೆಸರನ್ನು ಮಗು ಬರೆದು, ಚಿತ್ರ ಬಿಡಿಸಿ, ನಾಲ್ಕು ಹಾಳೆಗಳನ್ನು ಹೊಲಿದರೆ ಅದೊಂದು ಪುಸ್ತಕ. ಅದಕ್ಕೂ ಕ್ರಮಸಂಖ್ಯೆ ಕೊಟ್ಟು ಪರಿಗ್ರಹಣ ವಹಿಯಲ್ಲಿ ದಾಖಲಿಸಬೇಕು. ಮನೆಮಾತು ಪಠ್ಯದ ಕನ್ನಡಕ್ಕಿಂತ ಬೇರೆಯಾಗಿದ್ದರೆ ತಿದ್ದಿಬಿಡದೆ ಎರಡನ್ನೂ ಪಕ್ಕಪಕ್ಕದಲ್ಲಿ ಬರೆಯಿಸಬೇಕು. ತನ್ನ ಮನೆಯ ಮಾತು ಅಚ್ಚುಕಟ್ಟಾಗಿ ಕಪಾಟಿನಲ್ಲಿ ನಿಂತಿರುವುದನ್ನು ಕಂಡ ಮಗು ಅದನ್ನು ಕೀಳೆಂದು ಬಗೆಯದು. ಮುಂದೆ ಇದೇ ಮಗುವಿಗೆ ನೇಕಾರ ವಚನಕಾರ ದೇವರ ದಾಸಿಮಯ್ಯನನ್ನು ಪರಿಚಯಿಸುವುದು ಸುಲಭ.

6. ಬೋಧನೆ: ಗ್ರಂಥಾಲಯ ಅವಧಿಯ ಯೋಜನೆ

ರಂಗನಾಥನ್ 1942ರಲ್ಲಿಯೇ ಶಾಲಾ ಕಾಲೇಜು ಗ್ರಂಥಾಲಯಗಳನ್ನು ಕುರಿತು ಪ್ರತ್ಯೇಕ ಗ್ರಂಥವೊಂದನ್ನು ಪ್ರಕಟಿಸಿದ್ದರು. ಇಂದಿನ ಕಾಲೇಜು ಗ್ರಂಥಪಾಲಕರು ಪುಸ್ತಕ ಕೊಡುವುದರ ಜೊತೆಗೆ ಮಾಹಿತಿಯನ್ನು ಹುಡುಕುವ, ಪರಿಶೀಲಿಸುವ ಕೌಶಲವನ್ನೂ ಕಲಿಸುತ್ತಾರೆ. ಶಾಲೆಯಲ್ಲಿ ವಾರಕ್ಕೊಂದು 40 ನಿಮಿಷದ ಅವಧಿ ದೊರೆತರೆ ಅದನ್ನು ಹೀಗೆ ಹಂಚಬಹುದು: ಶಿಕ್ಷಕರ ಗಟ್ಟಿ ಓದು 10 ನಿಮಿಷ; ಮಕ್ಕಳ ಸ್ವಂತ ಓದು 20 ನಿಮಿಷ; ಎರವಲು 5 ನಿಮಿಷ; ಓದಿದ್ದನ್ನು ಕುರಿತ ಮಾತು 5 ನಿಮಿಷ. ಸ್ವಂತ ಓದಿನ 20 ನಿಮಿಷಗಳನ್ನು ಬೇರೆ ಕೆಲಸಕ್ಕೆ ಬಳಸಬಾರದು. ಆ ಹೊತ್ತಿನಲ್ಲಿ ಶಿಕ್ಷಕರೂ ಓದುತ್ತಿರಬೇಕು.

ತಿಂಗಳಿಗೊಂದರಂತೆ ಸಣ್ಣ ಕೌಶಲಗಳನ್ನು ಕಲಿಸಬಹುದು: ಮುಖಪುಟದಲ್ಲಿ ಕರ್ತೃ, ಪ್ರಕಾಶಕ, ವರ್ಷವನ್ನು ಗುರುತಿಸುವುದು, ಪರಿವಿಡಿಯಿಂದ ಪುಟ ಹುಡುಕುವುದು, ನಿಘಂಟಿನಲ್ಲಿ ಗುಣಿತಾಕ್ಷರದ ಕ್ರಮವನ್ನನುಸರಿಸಿ ಪದ ಹುಡುಕುವುದು, ಒಂದೇ ವಿಷಯವನ್ನು ಎರಡು ಪುಸ್ತಕಗಳಲ್ಲಿ ನೋಡಿ ಹೋಲಿಸುವುದು. ಐದನೆಯ ತರಗತಿಯ ಮಗು ‘ಹತ್ತಿ’ ಎಂಬ ವಿಷಯವನ್ನು ಕನ್ನಡದ ಪುಸ್ತಕವೊಂದರಲ್ಲಿ, ತಮಿಳಿನ ಪಠ್ಯದಲ್ಲಿ ಓದಿ, ತನ್ನ ಊರಿನ ನೂಲಿನ ಗಿರಣಿಯ ಬಗ್ಗೆ ಮನೆಯವರನ್ನು ಕೇಳಿ ಐದು ವಾಕ್ಯ ಬರೆದರೆ, ಅದು ಸಂಶೋಧನೆಯ ಮೊದಲ ಪಾಠವೇ ಸರಿ.

7. ಸಾರ್ವಜನಿಕ ಗ್ರಂಥಾಲಯ ಮತ್ತು ದಾಖಲಾದ ಬೇಡಿಕೆ

ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ರೂಪುಗೊಂಡದ್ದು 1948ರಲ್ಲಿ, ಮದ್ರಾಸು ಪ್ರಾಂತ್ಯದಲ್ಲಿ. ಅದರ ಹಿಂದೆ ರಂಗನಾಥನ್ ಅವರ ದೀರ್ಘ ಪ್ರಯತ್ನವಿತ್ತು. ಆಗ ಶಿಕ್ಷಣ ಮಂತ್ರಿಗಳಾಗಿದ್ದವರು ತಿರುಪ್ಪೂರಿನಲ್ಲಿ ಜನಿಸಿ, ಕೊಯಮತ್ತೂರಿನಲ್ಲಿ ಶ್ರೀ ರಾಮಕೃಷ್ಣ ಮಿಷನ್ ವಿದ್ಯಾಲಯವನ್ನು ಕಟ್ಟಿದ ತಿ. ಸು. ಅವಿನಾಶಿಲಿಂಗಂ. ಆ ಅಧಿನಿಯಮದ ಫಲವಾಗಿ ಜಿಲ್ಲೆಗಳಲ್ಲಿ ಸ್ಥಳೀಯ ಗ್ರಂಥಾಲಯ ಪ್ರಾಧಿಕಾರಗಳು ಏರ್ಪಟ್ಟವು. ಆಸ್ತಿ ತೆರಿಗೆಯೊಡನೆ ಸಂಗ್ರಹವಾಗುವ ಗ್ರಂಥಾಲಯ ಕರದಿಂದ ಅವು ನಡೆಯುತ್ತವೆ. ಕನ್ನಡವಾಡುವ ಮನೆಗಳೂ ಈ ಕರವನ್ನು ತೆರುತ್ತವೆ. ಆದ್ದರಿಂದ ಕನ್ನಡ ಪುಸ್ತಕವನ್ನು ಕೇಳುವುದು ಯಾಚನೆಯಾಗದು.

ಆದರೆ ಕೇಳಿದ್ದು ಬರಹದಲ್ಲಿರಬೇಕು. ಕನ್ನಡ ಓದುಗರು ಚದುರಿ ನೆಲೆಸಿದ್ದಾರೆ. ಗ್ರಂಥಪಾಲಕರ ಕಣ್ಣಿಗೆ ಅವರು ಸುಲಭವಾಗಿ ಬೀಳುವುದಿಲ್ಲ. ಮಗುವೊಂದು ಕಪಾಟನ್ನು ನೋಡಿ, ಕನ್ನಡವಿಲ್ಲವೆಂದು ಸುಮ್ಮನೆ ಹಿಂದಿರುಗಿದರೆ ಯಾವ ವಹಿಯಲ್ಲಿಯೂ ಅದು ದಾಖಲಾಗುವುದಿಲ್ಲ. ದಾಖಲಾಗದ ಅಗತ್ಯವನ್ನು ಮುಂದಿನ ವರ್ಷದ ಖರೀದಿ ಪಟ್ಟಿ ಗಣನೆಗೆ ತೆಗೆದುಕೊಳ್ಳಲಾರದು. ಆದಕಾರಣ ಶಿಕ್ಷಕರು ಮಕ್ಕಳನ್ನು ಸದಸ್ಯರನ್ನಾಗಿಸಿ, ಬೇಕಾದ ಪುಸ್ತಕಗಳ ಹೆಸರು, ಕರ್ತೃ, ಪ್ರಕಾಶಕರ ವಿವರಗಳುಳ್ಳ ಪಟ್ಟಿಯನ್ನು ತಮಿಳಿನಲ್ಲಿ ಬರೆದ ಮನವಿಯೊಡನೆ ಸಲ್ಲಿಸುವುದು ಒಳಿತು. ಶಾಲೆಯ ಎರವಲು ವಹಿಯ ಸಾರಾಂಶವನ್ನೂ ಲಗತ್ತಿಸಿದರೆ ಮನವಿಗೆ ಬಲ ಬರುತ್ತದೆ. ಡ್ಯೂಯಿ ದಶಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯಗಳಲ್ಲಿ ತಮಿಳು ಸಾಹಿತ್ಯದ ಸಂಖ್ಯೆ 894.811, ಕನ್ನಡ ಸಾಹಿತ್ಯದ್ದು 894.814. ಈ ಸಂಖ್ಯೆಯನ್ನು ತಿಳಿದಿದ್ದರೆ ಇರುವ ಕನ್ನಡ ಪುಸ್ತಕಗಳು ಯಾವ ಅರೆಯಲ್ಲಿವೆಯೆಂದು ಕೂಡಲೇ ನೋಡಬಹುದು. ಬಂದ ಪುಸ್ತಕಗಳನ್ನು ಮಕ್ಕಳು ನಿಜವಾಗಿ ಎರವಲು ಪಡೆಯುವಂತೆ ನೋಡಿಕೊಳ್ಳುವ ಹೊಣೆಯೂ ನಮ್ಮದೇ. ಹೊರಗೆ ಹೋಗದ ಪುಸ್ತಕವು ಮುಂದಿನ ಬೇಡಿಕೆಯನ್ನು ದುರ್ಬಲಗೊಳಿಸುತ್ತದೆ.

ಶಾಲೆಶಾಲೆಗಳ ನಡುವಿನ ವಿನಿಮಯವೂ ಅಷ್ಟೇ ಉಪಯುಕ್ತ. 1931ರಲ್ಲಿ ಮನ್ನಾರ್ಗುಡಿ ಸೀಮೆಯಲ್ಲಿ ಎತ್ತಿನ ಗಾಡಿಯೊಂದು ಸಂಚಾರಿ ಗ್ರಂಥಾಲಯವಾಗಿ ಹಳ್ಳಿಹಳ್ಳಿಗೆ ತೆರಳಿತ್ತು. ಇಂದು ನಮಗೆ ಒಂದು ಪೆಟ್ಟಿಗೆ ಸಾಕು. ಮೂವತ್ತು ಪುಸ್ತಕಗಳ ಪೆಟ್ಟಿಗೆಯನ್ನು ಒಂದು ಶಾಲೆಯಿಂದ ಮತ್ತೊಂದಕ್ಕೆ, ಸಮೂಹ ಸಂಪನ್ಮೂಲ ಕೇಂದ್ರದ ಸಭೆಗಳಲ್ಲಿ, ಅವಧಿಗೊಮ್ಮೆ ದಾಟಿಸಬಹುದು. ಪೆಟ್ಟಿಗೆಯೊಳಗೆ ಒಂದು ನೋಟುಪುಸ್ತಕವನ್ನಿಟ್ಟು ಪ್ರತಿ ಶಾಲೆಯ ಮಕ್ಕಳೂ ತಮಗೆ ಹಿಡಿಸಿದ ಪುಸ್ತಕದ ಬಗ್ಗೆ ಒಂದು ಸಾಲು ಬರೆದರೆ, ಮುಂದಿನ ಊರಿನ ಮಗುವಿಗೆ ತನ್ನಂತೆಯೇ ಕನ್ನಡ ಓದುವವರು ಬೇರೆಡೆಯೂ ಇದ್ದಾರೆಂಬುದು ತಿಳಿಯುತ್ತದೆ.

8. ಸಾರಾಂಶ

ಗ್ರಂಥಾಲಯದ ಸುಧಾರಣೆ ಪುಸ್ತಕ ಕೂಡಿಸುವುದರಿಂದ ಆರಂಭವಾಗುವುದಿಲ್ಲ. ಬಳಕೆಯನ್ನು ಗಮನಿಸುವುದರಿಂದ ಆರಂಭವಾಗುತ್ತದೆ. ಎರವಲು ವಹಿ ಸೇವೆಯ ಲೋಪವನ್ನು ತೋರಿಸುತ್ತದೆ. ಮಕ್ಕಳ ಮಾತು ಸಂಗ್ರಹದ ದಿಕ್ಕನ್ನು ಸೂಚಿಸುತ್ತದೆ. ವಾರದ ಅವಧಿ ಓದನ್ನು ಅಭ್ಯಾಸವಾಗಿಸುತ್ತದೆ. ಲಿಖಿತ ಬೇಡಿಕೆ ಕನ್ನಡ ಓದುಗರನ್ನು ಸಾರ್ವಜನಿಕ ವ್ಯವಸ್ಥೆಯ ಕಣ್ಣಿಗೆ ಕಾಣಿಸುತ್ತದೆ. ಪ್ರಾಥಮಿಕ ಹಂತ ದಾಟಿದ ಬಳಿಕ ನಮ್ಮ ಮಕ್ಕಳಲ್ಲಿ ಅನೇಕರಿಗೆ ಕನ್ನಡದ ತರಗತಿ ದೊರೆಯದಿರಬಹುದು. ಆಗಲೂ ತಾವಾಗಿ ಒಂದು ಕನ್ನಡ ಪುಸ್ತಕವನ್ನು ಆರಿಸಿ ಓದಬಲ್ಲವರಾಗಿರಬೇಕು ಎಂಬುದೇ ಈ ಕೆಲಸದ ಅಳತೆಗೋಲು.

ಚಟುವಟಿಕೆಗಳು

1. ನಿಮ್ಮ ಶಾಲೆಯ ಕಳೆದ ಮೂರು ತಿಂಗಳ ಎರವಲು ವಹಿಯಿಂದ ಒಮ್ಮೆಯೂ ಹೊರಗೆ ಹೋಗದ ಪುಸ್ತಕಗಳ ಪಟ್ಟಿ ಮಾಡಿ, ಕಾರಣವಾರು ವಿಂಗಡಿಸಿರಿ.
2. ಕಪಾಟಿನ ಹತ್ತು ಪುಸ್ತಕಗಳನ್ನು ಒತ್ತಕ್ಷರಗಳ ಆಧಾರದಿಂದ ಹಸಿರು, ಹಳದಿ, ನೀಲಿ ಎಂದು ಗುರುತಿಸಿರಿ. ನಿಮ್ಮ ತೀರ್ಮಾನವನ್ನು ಮೂವರು ಮಕ್ಕಳ ಓದಿನೊಡನೆ ಹೋಲಿಸಿರಿ.
3. ಮಕ್ಕಳ ಮನೆಗಳಿಂದ ಒಂದು ಕಸುಬಿಗೆ ಸಂಬಂಧಿಸಿದ ಇಪ್ಪತ್ತು ಪದಗಳನ್ನು ಸಂಗ್ರಹಿಸಿ ಕೈಬರಹದ ಚಿತ್ರಪುಸ್ತಕವೊಂದನ್ನು ಸಿದ್ಧಪಡಿಸಿರಿ.
4. ಸಮೀಪದ ಸಾರ್ವಜನಿಕ ಗ್ರಂಥಾಲಯಕ್ಕೆ ಮಕ್ಕಳೊಡನೆ ಭೇಟಿಯಿತ್ತು, ಅಲ್ಲಿರುವ ಕನ್ನಡ ಪುಸ್ತಕಗಳನ್ನು ಎಣಿಸಿ, ಬೇಡಿಕೆಯ ಪಟ್ಟಿಯೊಂದನ್ನು ಸಲ್ಲಿಸಿರಿ.

ಸ್ವಯಂ ಮೌಲ್ಯಮಾಪನ

1. ಎರವಲುಗಳ ಒಟ್ಟು ಸಂಖ್ಯೆ ಮಾತ್ರದಿಂದ ಗ್ರಂಥಾಲಯದ ಸ್ಥಿತಿಯನ್ನು ನಿರ್ಣಯಿಸಲಾಗದು. ಏಕೆ?
2. ‘ಗಾಂಧಿ’ ಎಂಬುದನ್ನು ‘ಕಾಂತಿ’ ಎಂದು ಬರೆದ ಮಗುವಿಗೆ ಯಾವ ಬಗೆಯ ಪುಸ್ತಕವನ್ನು ಕೊಡುವಿರಿ? ಕಾರಣ ತಿಳಿಸಿರಿ.
3. ಪಂಚಸೂತ್ರಗಳಲ್ಲಿ ನಿಮ್ಮ ಶಾಲೆಯಲ್ಲಿ ಸದ್ಯ ಅತ್ಯಂತ ಕಡಿಮೆ ಪಾಲನೆಯಾಗುತ್ತಿರುವ ಸೂತ್ರ ಯಾವುದು? ಈ ತಿಂಗಳು ಅದಕ್ಕಾಗಿ ಮಾಡಬಹುದಾದ ಒಂದು ಬದಲಾವಣೆಯನ್ನು ಬರೆಯಿರಿ.